ಆಪರೇಷನ್ ಆದ ಮೇಲಿನ ಸನ್ನಿ: ವಾರ್ಡಿನಲ್ಲಿ ನರ್ಸ್ ಅದನ್ನು ಪತ್ತೆ ಹಚ್ಚುವ ಬಗೆ

ಆಪರೇಷನ್ ಆಗಿ ಎರಡನೇ ರಾತ್ರಿ. ಒಬ್ಬ ರೋಗಿ ಐವಿ ಲೈನ್ ಕಿತ್ತುಹಾಕಿ, ಮಂಚದಿಂದ ಇಳಿಯಲು ನೋಡುತ್ತಾ, "ಬಿಡಿ ನನ್ನ, ಮನೆಗೆ ಹೋಗ್ಬೇಕು" ಎಂದು ಕೂಗುತ್ತಿದ್ದಾರೆ. ಪಕ್ಕದ ಬೆಡ್ಡಿನವರು ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ಊಟ ಬೇಡ ಅಂದಿದ್ದಾರೆ, ಕರೆದರೆ 'ಹೂಂ' ಅನ್ನುತ್ತಾರೆ, ಅಷ್ಟೇ. ಮೊದಲನೆಯವರಿಗಾಗಿ ಡ್ಯೂಟಿ ಡಾಕ್ಟರ್ ಓಡಿ ಬರುತ್ತಾರೆ. ಎರಡನೆಯವರ ನೋಟ್ಸಿನಲ್ಲಿ 'ಪೇಷಂಟ್ ಸ್ಲೀಪಿಂಗ್, ನೋ ಕಂಪ್ಲೇಂಟ್ಸ್' ಎಂದು ಬರೆದು ಶಿಫ್ಟ್ ಮುಗಿಯುತ್ತದೆ.

ಇಬ್ಬರಿಗೂ ಡಿಲೀರಿಯಂ, ಅಂದರೆ ಸನ್ನಿ, ಇರಬಹುದು. ಕೈತಪ್ಪಿ ಹೋಗುವುದು ಮಾತ್ರ ಸುಮ್ಮನಿರುವವರದು. ಗದ್ದಲ ಮಾಡುವ ಹೈಪರ್ಆಕ್ಟಿವ್ ಡಿಲೀರಿಯಂ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮಂಕಾಗಿ ಮಲಗಿಸುವ ಹೈಪೋಆಕ್ಟಿವ್ ಡಿಲೀರಿಯಂ, ನಾವು ಬಾಯಿಬಿಟ್ಟು ಪ್ರಶ್ನೆ ಕೇಳದಿದ್ದರೆ ಸಿಗುವುದೇ ಇಲ್ಲ. ಬಹಳ ವಯಸ್ಸಾದವರಲ್ಲಿ ಇದೇ ಹೆಚ್ಚು. ಮಂಚದ ಹತ್ತಿರ ನಿಂತು ನೋಡಿ ಹೋಗುವುದು ಸ್ಕ್ರೀನಿಂಗ್ ಅಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ಈ ಮಾರ್ಗದರ್ಶಿ ಬರೆಯುತ್ತಿದ್ದೇನೆ.

ಡಿಲೀರಿಯಂ ಎಂದರೆ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗಮನ ಮತ್ತು ಅರಿವು ಕೆಡುವುದು. ದಿನದಲ್ಲಿ ಒಮ್ಮೆ ಸರಿ ಇದ್ದು ಇನ್ನೊಮ್ಮೆ ಕೆಡುತ್ತದೆ, ಅದರ ಹಿಂದೆ ದೇಹದ ಯಾವುದೋ ಕಾರಣ ಇರುತ್ತದೆ. ಮನೆಯವರು 'ಸನ್ನಿ ಹಿಡಿದಂಗಾಗಿದೆ' ಅನ್ನುವುದು ಇದಕ್ಕೇ. ಮರೆವಿನ ಕಾಯಿಲೆಯಾದ ಡಿಮೆನ್ಷಿಯಾ ಬೇರೆ, ಅದು ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಆದರೆ ಡಿಮೆನ್ಷಿಯಾ ಇದ್ದವರಿಗೆ ಡಿಲೀರಿಯಂ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ 'ಅವರು ಮೊದಲಿಂದಲೂ ಹಾಗೇ' ಎಂಬ ಮಾತಿಗೆ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. 'ಅರವತ್ತಕ್ಕೆ ಅರಳು ಮರಳು' ಎಂದು ತಳ್ಳಿಹಾಕುವ ಅಭ್ಯಾಸವೇ ಎಷ್ಟೋ ನ್ಯುಮೋನಿಯಾಗಳನ್ನು, ಮೂತ್ರದ ಸೋಂಕುಗಳನ್ನು ಒಂದು ದಿನ ತಡ ಮಾಡಿಸುತ್ತದೆ.

ಆಪರೇಷನ್‌ಗೆ ಮುಂಚಿನ ಸಂಜೆಯೇ ಶುರು ಮಾಡಿ

ಸ್ಕ್ರೀನಿಂಗ್ ಆಪರೇಷನ್ ಆದ ಮೇಲಿನ ಕೆಲಸ ಎಂದುಕೊಳ್ಳುವುದು ತಪ್ಪು. ಮೊದಲು ಹೇಗಿದ್ದರು ಎಂಬುದು ಗೊತ್ತಿಲ್ಲದೆ 'ಬದಲಾಗಿದ್ದಾರೆ' ಎಂದು ಹೇಳುವುದಾದರೂ ಹೇಗೆ? ಅಡ್ಮಿಷನ್ ದಿನವೇ, ಮುಂದೆ ವಿವರಿಸುವ 4ಎಟಿ ಪ್ರಶ್ನೆಗಳನ್ನು ಒಮ್ಮೆ ಕೇಳಿ ಅಂಕ ಬರೆದಿಡಿ. ಅದರ ಜೊತೆ ಅಪಾಯ ಯಾರಿಗೆ ಹೆಚ್ಚು ಎಂಬುದನ್ನೂ ಗುರುತು ಹಾಕಿ: 65 ದಾಟಿದವರು, ಮರೆವು ಶುರುವಾದವರು, ಹಿಪ್ ಫ್ರ್ಯಾಕ್ಚರ್ (ಸೊಂಟದ ಕೀಲಿನ ಮೂಳೆ ಮುರಿತ) ಆಗಿ ಬಂದವರು, ತೀವ್ರ ಕಾಯಿಲೆಯಲ್ಲಿರುವವರು. ಬ್ರಿಟನ್ನಿನ ನೈಸ್ ಸಂಸ್ಥೆ 2010ರ ಮಾರ್ಗಸೂಚಿಯಲ್ಲಿ ಎತ್ತಿ ಹೇಳಿದ್ದು ಈ ನಾಲ್ಕನ್ನೇ. ಕಣ್ಣು ಕಿವಿ ಮಂದವಾದವರು, ಹಿಂದೊಮ್ಮೆ ಸನ್ನಿ ಆದವರು, ಹತ್ತಾರು ಮಾತ್ರೆ ನುಂಗುವವರು, ರಾತ್ರಿ ನಿದ್ದೆ ಮಾತ್ರೆ ಅಭ್ಯಾಸವಾದವರು ಕೂಡ ಈ ಪಟ್ಟಿಯಲ್ಲಿರಲಿ.

ಕುಡಿತದ ಪ್ರಶ್ನೆಯನ್ನು ಮಕ್ಕಳು, ಸೊಸೆಯ ಮುಂದೆ ಕೇಳಿದರೆ ನಿಜ ಬರುವುದಿಲ್ಲ. ಪರದೆ ಎಳೆದು, ದನಿ ತಗ್ಗಿಸಿ, "ದಿನಾ ಎಷ್ಟು ತಗೋತೀರಿ, ಕೊನೇ ಸಲ ಯಾವಾಗ ತಗೊಂಡ್ರಿ? ಮಂಪರು ಕೊಡೋ ಡಾಕ್ಟರಿಗೆ ಇದು ಗೊತ್ತಿರಬೇಕು" ಎಂದು ಕೇಳಿ. ದಿನವೂ ಕುಡಿಯುವವರು ಆಸ್ಪತ್ರೆಗೆ ಬಂದು ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಬರುವ ನಡುಕ, ಬೆವರು, ಭ್ರಮೆಯ ಚಿಕಿತ್ಸೆಯೇ ಬೇರೆ. ಅದನ್ನು ಗುರುತಿಸದೇ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಕನ್ನಡಕ, ಹಿಯರಿಂಗ್ ಏಡ್, ಹಲ್ಲಿನ ಸೆಟ್ಟು ಎಲ್ಲಿವೆ ಎಂದೂ ಬರೆದುಕೊಳ್ಳಿ. ಓಟಿಗೆ ಕಳಿಸುವಾಗ ಇವನ್ನು ಬಿಚ್ಚಿ ಮನೆಯವರ ಕೈಗೆ ಕೊಡುತ್ತೇವೆ, ಅವು ಬ್ಯಾಗಿನ ತಳ ಸೇರಿ ಮೂರು ದಿನ ಹೊರಗೆ ಬರುವುದಿಲ್ಲ. ಕಾಣದ, ಕೇಳದ ರೋಗಿಗೆ ಪ್ರಶ್ನೆ ಹಾಕಿ 'ಉತ್ತರ ತಪ್ಪು' ಎಂದು ಬರೆಯುವುದು ಅನ್ಯಾಯ.

ಯಾವಾಗ, ಎಷ್ಟು ಸಲ

ರಿಕವರಿ ರೂಮಿನಲ್ಲಿ ಮೊದಲ ಸಲ, ಆಮೇಲೆ ಪ್ರತಿ ಶಿಫ್ಟಿಗೆ ಒಮ್ಮೆ, ಐದನೇ ದಿನದವರೆಗೆ. ಯುರೋಪಿನ ಅನಸ್ತೇಶಿಯಾ ತಜ್ಞರ ಸಂಘ 2017ರಲ್ಲಿ ಹೇಳಿದ್ದು ಇದನ್ನು. ಡಿಲೀರಿಯಂ ಹೆಚ್ಚಾಗಿ ಮೊದಲ ಮೂರು ದಿನಗಳಲ್ಲೇ ತಲೆ ಎತ್ತುತ್ತದೆ. ದಿನಕ್ಕೆ ಒಂದೇ ಸಲ, ಅದೂ ಬೆಳಗಿನ ರೌಂಡ್ಸ್ ಹೊತ್ತಿಗೆ ಕೇಳಿದರೆ ಸಾಲದು. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಮಾತಾಡಿದವರು ಸಂಜೆ ಏಳಕ್ಕೆ ಸೊಸೆಯನ್ನೇ ಗುರುತಿಸದಿರಬಹುದು. ಏರಿಳಿತ ಈ ಕಾಯಿಲೆಯ ಸ್ವಭಾವ. ನೈಟ್ ಶಿಫ್ಟಿನವರ ಅಂಕ ಇಲ್ಲದ ಚಾರ್ಟು ಅರ್ಧ ಚಾರ್ಟು.

ಅರಿವಳಿಕೆಯಿಂದ ಏಳುವಾಗ ಕೆಲವರು ಹತ್ತಿಪ್ಪತ್ತು ನಿಮಿಷ ಕೈಕಾಲು ಬಡಿದು, ಆಮೇಲೆ ಸರಿಹೋಗುತ್ತಾರೆ. ಅದನ್ನೂ ಬರೆದಿಡಿ, ಆದರೆ ವಾರ್ಡಿಗೆ ಬಂದ ಮೇಲೆ ಮತ್ತೆ ಪರೀಕ್ಷಿಸಿ. ವಾರ್ಡಿಗೆ ಬಂದು ಅರ್ಧ ದಿನವಾದ ಮೇಲೂ 'ಇನ್ನೂ ಅನಸ್ತೇಶಿಯಾ ಇಳಿದಿಲ್ಲ' ಎಂಬ ವಿವರಣೆಯನ್ನು ಒಪ್ಪಬೇಡಿ.

ಪ್ರಶ್ನೆ ಕೇಳುವ ಮೊದಲು

ಕನ್ನಡಕ ಹಾಕಿಸಿ, ಲೈಟ್ ಹಾಕಿ, ಟಿವಿ ನಿಲ್ಲಿಸಿ, ರೋಗಿಯ ಕಣ್ಣಿನ ಮಟ್ಟಕ್ಕೆ ಕೂತು ಮಾತಾಡಿ. ನೋವು ಎಷ್ಟಿದೆ ಕೇಳಿ. ಭಾಷೆಯ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ನಮ್ಮ ರಾಜ್ಯದ ಆಸ್ಪತ್ರೆಗಳಲ್ಲಿ ನರ್ಸ್ ಮಲಯಾಳಿ, ರೋಗಿ ಲಂಬಾಣಿ ಮಾತಾಡುವವರು, ನಡುವಿನ ಭಾಷೆ ಇಬ್ಬರಿಗೂ ಅರ್ಧಂಬರ್ಧ ಬರುವ ಕನ್ನಡ ಎಂಬುದು ದಿನನಿತ್ಯದ ಸಂಗತಿ. ತುಳು, ಕೊಂಕಣಿ, ಉರ್ದು, ತೆಲುಗು, ರೋಗಿಯ ಮನೆಮಾತು ಯಾವುದೋ ಅದರಲ್ಲೇ ಪ್ರಶ್ನೆ ಹೋಗಬೇಕು. ಆ ಭಾಷೆ ಬಲ್ಲ ಸಹೋದ್ಯೋಗಿ ಸಿಕ್ಕರೆ ಒಳ್ಳೆಯದು. ಮನೆಯವರೇ ಕೇಳಿ ಹೇಳುವುದಾದರೆ ಮೊದಲೇ ಎಚ್ಚರಿಸಿ: "ನಾನು ಕೇಳಿದ್ದನ್ನಷ್ಟೇ ಕೇಳಿ, ಉತ್ತರ ಹೇಳಿಕೊಡಬೇಡಿ. ತಪ್ಪು ಹೇಳಿದರೂ ತಿದ್ದಬೇಡಿ." ಇಲ್ಲದಿದ್ದರೆ ಮಗ ಪ್ರೀತಿಯಿಂದಲೇ "ಆಸ್ಪತ್ರೆ ಅನ್ನಮ್ಮ" ಎಂದು ಪಿಸುಗುಟ್ಟುತ್ತಾನೆ, ಪೂರ್ತಿ ಅಂಕ ಬರುತ್ತದೆ.

ಸಾಮಾನ್ಯ ವಾರ್ಡಿಗೆ 4ಎಟಿ

ವಾರ್ಡಿನಲ್ಲಿ ನನ್ನ ಆಯ್ಕೆ 4ಎಟಿ. ಎಡಿನ್‌ಬರೋದ ವೃದ್ಧರೋಗ ತಜ್ಞ ಅಲಾಸ್ಡೇರ್ ಮೆಕ್‌ಲಲಿಕ್ ಮತ್ತು ಸಂಗಡಿಗರು ರೂಪಿಸಿದ್ದು. ಎರಡು ನಿಮಿಷ ಸಾಕು, ವಿಶೇಷ ತರಬೇತಿ ಬೇಡ. ನಾಲ್ಕು ಭಾಗಗಳಿವೆ.

ಮೊದಲನೆಯದು ಎಚ್ಚರ. ಹೆಸರು ಹಿಡಿದು ಕರೆಯಿರಿ, ಬೇಕಾದರೆ ಭುಜ ಮುಟ್ಟಿ. ಪೂರ್ಣ ಎಚ್ಚರವಿದ್ದರೆ 0. ನಿದ್ದೆಯಲ್ಲಿದ್ದು, ಎಬ್ಬಿಸಿದ ಹತ್ತು ಸೆಕೆಂಡಿನೊಳಗೆ ಸರಿಯಾದರೂ 0. ಮಾತಿನ ನಡುವೆಯೇ ತೂಕಡಿಸುವುದು, ಎಬ್ಬಿಸಲು ಕಷ್ಟವಾಗುವುದು, ಇಲ್ಲವೇ ವಿಪರೀತ ಚಡಪಡಿಕೆ ಕಂಡರೆ ನೇರವಾಗಿ 4. ಹೈಪೋಆಕ್ಟಿವ್ ರೋಗಿ ಸಿಕ್ಕಿಬೀಳುವ ಜಾಗ ಇದೇ. ಹಾಗಾಗಿ ಮಲಗಿದವರನ್ನು ಎಬ್ಬಿಸಲು ಸಂಕೋಚ ಬೇಡ.

ಎರಡನೆಯದು ನಾಲ್ಕು ಸಣ್ಣ ಪ್ರಶ್ನೆ: "ನಿಮಗೆಷ್ಟು ವಯಸ್ಸು? ಹುಟ್ಟಿದ ತಾರೀಕು ಯಾವುದು? ನಾವೀಗ ಎಲ್ಲಿದ್ದೀವಿ? ಇದು ಯಾವ ಇಸವಿ?" ಎಲ್ಲ ಸರಿಯಾದರೆ 0, ಒಂದು ತಪ್ಪಿಗೆ 1, ಎರಡು ಅಥವಾ ಹೆಚ್ಚು ತಪ್ಪಿದರೆ 2. ಜಾಗ ಎಂದರೆ ಆಸ್ಪತ್ರೆಯ ಅಥವಾ ಕಟ್ಟಡದ ಹೆಸರು.

ಮೂರನೆಯದು ಗಮನ. "ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳುಗಳನ್ನ ಹೇಳ್ತಾ ಬನ್ನಿ." ತಡವರಿಸಿದರೆ "ಡಿಸೆಂಬರ್‌ಗೆ ಮುಂಚೆ ಯಾವುದು?" ಎಂದು ಒಮ್ಮೆ ನೆರವಾಗಬಹುದು. ಏಳು ಅಥವಾ ಹೆಚ್ಚು ತಿಂಗಳು ಸರಿಯಾಗಿ ಬಂದರೆ 0. ಶುರು ಮಾಡಿ ಏಳಕ್ಕೆ ಮುಟ್ಟದಿದ್ದರೆ, ಇಲ್ಲವೇ ಹೇಳಲು ಒಪ್ಪದಿದ್ದರೆ 1. ಮಂಪರು, ಅಸ್ವಸ್ಥತೆ, ಗಮನವೇ ನಿಲ್ಲದಿರುವ ಕಾರಣಕ್ಕೆ ಪರೀಕ್ಷಿಸಲು ಸಾಧ್ಯವೇ ಆಗದಿದ್ದರೆ 2.

ನಾಲ್ಕನೆಯದು ಬದಲಾವಣೆ. ಕಳೆದ ಎರಡು ವಾರಗಳಲ್ಲಿ ಶುರುವಾಗಿ, ಕಳೆದ 24 ಗಂಟೆಯಲ್ಲೂ ಕಾಣುತ್ತಿರುವ ಎಚ್ಚರ, ಬುದ್ಧಿ, ನಡವಳಿಕೆಯ ಬದಲಾವಣೆ ಅಥವಾ ಏರಿಳಿತ ಇದ್ದರೆ 4, ಇಲ್ಲದಿದ್ದರೆ 0.

ಒಟ್ಟು 4 ಅಥವಾ ಹೆಚ್ಚಾದರೆ ಡಿಲೀರಿಯಂ ಇರುವ ಸಾಧ್ಯತೆ ಇದೆ, ಡಾಕ್ಟರ್ ಬಂದು ನೋಡಲೇಬೇಕು. 1ರಿಂದ 3 ಬಂದರೆ ಮರೆವಿನ ಸಮಸ್ಯೆ ಇರಬಹುದು. 0 ಬಂದರೆ ಎರಡೂ ಇರುವ ಸಂಭವ ಕಡಿಮೆ, ಆದರೆ ನಾಲ್ಕನೇ ಭಾಗದ ಮಾಹಿತಿ ಪೂರ್ತಿ ಸಿಕ್ಕಿರಬೇಕು.

ಇಲ್ಲೊಂದು ಪ್ರಶ್ನೆ ಎಲ್ಲರಿಗೂ ಬರುತ್ತದೆ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಹುಟ್ಟಿದ ತಾರೀಕು ಎಲ್ಲಿಂದ ಗೊತ್ತು? ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಬರೆಸಿಕೊಂಡ ಹಿರಿಯರು ಎಷ್ಟು ಜನ! ಇಂಗ್ಲಿಷ್ ತಿಂಗಳು ಬಾರದವರೂ ಇದ್ದಾರೆ. ಆದರೆ ಅಂಕಗಳನ್ನು ಕೂಡಿ ನೋಡಿ: ಎರಡನೇ ಭಾಗದಲ್ಲಿ ಪೂರ್ತಿ ತಪ್ಪಿದರೂ 2, ತಿಂಗಳು ಹೇಳಲಾಗದಿದ್ದರೆ 1, ಒಟ್ಟು 3. ಓದು ಬಾರದಿರುವುದೊಂದೇ ಕಾರಣವಾದರೆ ಯಾರೂ 4 ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಎಚ್ಚರ ಕೆಟ್ಟಿರಬೇಕು, ಹೊಸ ಬದಲಾವಣೆ ಇರಬೇಕು, ಇಲ್ಲವೇ ಗಮನ ಪರೀಕ್ಷಿಸಲೂ ಆಗದಷ್ಟು ಮಂಕು ಕವಿದಿರಬೇಕು. ಆದ್ದರಿಂದ 'ನಮ್ಮ ರೋಗಿಗಳಿಗೆ ಇದು ಹೊಂದುವುದಿಲ್ಲ' ಎಂದು ಕೈಬಿಡುವ ಅಗತ್ಯವಿಲ್ಲ. ಆಪರೇಷನ್‌ಗೆ ಮುಂಚೆ ಬರೆದಿಟ್ಟ ಅಂಕ ಪಕ್ಕದಲ್ಲಿದ್ದರೆ ಗೊಂದಲ ಇನ್ನೂ ಕಡಿಮೆ.

ತಿಂಗಳು ಬಾರದವರ ಗಮನ ನೋಡಲು ವಾರದ ದಿನಗಳನ್ನು ಹಿಂದಕ್ಕೆ ಹೇಳಿಸಬಹುದು: ಭಾನುವಾರ, ಶನಿವಾರ, ಶುಕ್ರವಾರ. 3ಡಿ-ಕ್ಯಾಮ್ ಎಂಬ ಇನ್ನೊಂದು ಸಾಧನದಲ್ಲಿ ಈ ಪ್ರಶ್ನೆ ಇದೆ. ಅದನ್ನು 4ಎಟಿಯ ಅಂಕಕ್ಕೆ ಸೇರಿಸಬೇಡಿ, ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಯಿರಿ. ನಿನ್ನೆ ಸರಸರ ಹೇಳಿದವರು ಇವತ್ತು ಶುಕ್ರವಾರಕ್ಕೇ ನಿಂತರೆ ನಿಮಗೆ ಬೇಕಾದ ಸುಳಿವು ಸಿಕ್ಕಂತೆ.

ನಾಲ್ಕನೇ ಭಾಗಕ್ಕೆ ನಮ್ಮಲ್ಲಿ ದೊಡ್ಡ ಆಸರೆ ಇದೆ: ಮಂಚದ ಪಕ್ಕದಲ್ಲಿ ಹಗಲೂ ರಾತ್ರಿ ಕೂತಿರುವ ಮನೆಯವರು. "ಇವರು ಎಂದಿನ ಹಾಗೆ ಇದ್ದಾರಾ, ಇತ್ತೀಚೆಗೆ ಹೆಚ್ಚು ಗಲಿಬಿಲಿ ಆಗಿದ್ದಾರೆ ಅನ್ಸುತ್ತಾ?" ಎಂಬ ಒಂದೇ ಪ್ರಶ್ನೆ ಬಹಳ ಹೊರಡಿಸುತ್ತದೆ. ಆದರೆ ಹಗಲು ಇರುವ ಮಗನನ್ನಲ್ಲ, ರಾತ್ರಿ ಇದ್ದವರನ್ನು ಕೇಳಿ. ರೋಗಿಯನ್ನೂ ನೇರವಾಗಿ ಕೇಳಿ: "ಇಲ್ಲಿ ಯಾರನ್ನಾದರೂ ಕಂಡರೆ ಭಯ ಆಗುತ್ತಾ? ಬೇರೆಯವರಿಗೆ ಕಾಣದ್ದು ಏನಾದರೂ ಕಾಣಿಸ್ತಾ, ಕೇಳಿಸ್ತಾ?" ಎಷ್ಟೋ ಹಿರಿಯರು ಗೋಡೆಯ ಮೇಲೆ ಹುಳ ಹರಿಯುವುದನ್ನು ನೋಡುತ್ತಾ, ಹುಚ್ಚು ಅಂದುಕೊಂಡಾರು ಎಂದು ಬಾಯಿಬಿಡದೆ ಮಲಗಿರುತ್ತಾರೆ.

ಒಂದು ಉದಾಹರಣೆ

ಹಿಪ್ ಫ್ರ್ಯಾಕ್ಚರ್‌ಗೆ ಆಪರೇಷನ್ ಆದ 74ರ ಅಜ್ಜಿ ಎಂದಿಟ್ಟುಕೊಳ್ಳಿ. ಮೂರನೇ ದಿನ, ಬೆಳಿಗ್ಗೆ ಆರು. ಅಡ್ಮಿಷನ್ ದಿನ ಹುಟ್ಟಿದ ತಾರೀಕು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದರು, ಅಂಕ 1. ಈಗ ಕರೆದರೆ ಕಣ್ಣು ಬಿಡುತ್ತಾರೆ, ಎರಡು ಮಾತಾಡಿ ಮತ್ತೆ ಜೋಂಪಿಗೆ ಜಾರುತ್ತಾರೆ: 4. ವಯಸ್ಸು ಸರಿ ಹೇಳಿದರು, ಜಾಗ ಕೇಳಿದರೆ 'ತಂಗಿ ಮನೆ', ಇಸವಿಗೆ ಉತ್ತರವಿಲ್ಲ: 2. ತಿಂಗಳು ಕೇಳಿದರೆ "ಡಿಸೆಂಬರ್, ನವೆಂಬರ್... ದಸರಾ ಬಂತಲ್ಲ" ಎಂದು ನಿಂತರು: 1. ರಾತ್ರಿ ಜೊತೆಗಿದ್ದ ಮಗಳು ಹೇಳುತ್ತಾಳೆ, "ಹೊದಿಕೆ ಕೀಳ್ತಾನೇ ಇದ್ರು, ಕರುವಿಗೆ ಹಾಲು ಬಿಟ್ರಾ ಅಂತ ಕೇಳ್ತಿದ್ರು": 4. ಒಟ್ಟು 11.

ನರ್ಸ್ ಹೊಟ್ಟೆ ಮುಟ್ಟಿ ನೋಡಿದಾಗ ಹೊಕ್ಕುಳ ಕೆಳಗೆ ಗಟ್ಟಿ ಉಬ್ಬು. ಹಿಂದಿನ ಬೆಳಿಗ್ಗೆ ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದಿದ್ದಾರೆ, ಆಮೇಲೆ ಮೂತ್ರ ಆಗಿರುವ ದಾಖಲೆಯೇ ಇಲ್ಲ. ಮೈ ತುರಿಕೆಗೆ ರಾತ್ರಿ ಅವಿಲ್ ಎಂದೇ ಎಲ್ಲರೂ ಕರೆಯುವ ಫೆನಿರಮಿನ್ ಇಂಜೆಕ್ಷನ್ ಹೋಗಿದೆ. ಆ ಔಷಧ ವೃದ್ಧರಲ್ಲಿ ಮೂತ್ರ ಕಟ್ಟಿಸಲೂಬಹುದು, ಬುದ್ಧಿ ಮಂಕಾಗಿಸಲೂಬಹುದು. ಕಾರಣ ಕೈಗೆ ಸಿಕ್ಕಿತು. ಡಾಕ್ಟರಿಗೆ ಹೇಳಲು ನಿಖರವಾದ ವಿಷಯವೂ ಸಿಕ್ಕಿತು. 'ಪೇಷಂಟ್ ಸ್ಲೀಪಿಂಗ್' ಎಂದು ಬರೆದಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಐಸಿಯುನಲ್ಲಿ, ಬಾಯಲ್ಲಿ ಟ್ಯೂಬ್ ಇದ್ದಾಗ

ಮಾತಾಡಲಾಗದವರಿಗೆ ಕ್ಯಾಮ್-ಐಸಿಯು ಎಂಬ ಡಿಲೀರಿಯಂ ಪರೀಕ್ಷೆ ಇದೆ. ಮೂಲ ಕ್ಯಾಮ್ ಪದ್ಧತಿಯನ್ನು ಅಮೆರಿಕದ ವೈದ್ಯೆ ಶರಾನ್ ಇನೋಯ್ 1990ರಲ್ಲಿ ಪ್ರಕಟಿಸಿದರು. ಅದನ್ನು ವೆಂಟಿಲೇಟರ್ ರೋಗಿಗಳಿಗೆ ಒಗ್ಗಿಸಿ 2001ರಲ್ಲಿ ಹೊರತಂದದ್ದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ ಈಲಿ ತಂಡ.

ಮೊದಲು ರಾಸ್ ಅಳತೆಯಲ್ಲಿ ಎಚ್ಚರ ನೋಡಿ. ಅದು +4ರಿಂದ (ವಿಪರೀತ ಚಡಪಡಿಕೆ) -5ರವರೆಗೆ (ಎಬ್ಬಿಸಿದರೂ ಏಳದ ಸ್ಥಿತಿ) ಇದೆ. ಶಾಂತವಾಗಿ ಎಚ್ಚರವಿದ್ದರೆ 0. -4 ಅಥವಾ -5 ಇದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಎಚ್ಚರ ಬಂದ ಮೇಲೆ ಮತ್ತೆ ಮಾಡಿ. -3 ಅಥವಾ ಮೇಲಿದ್ದರೆ ಮುಂದುವರಿಯಿರಿ. ಹಠಾತ್ ಬದಲಾವಣೆ ಅಥವಾ 24 ಗಂಟೆಯಲ್ಲಿ ಏರಿಳಿತ ಇದೆಯೇ? ಇದ್ದರೆ ಗಮನದ ಪರೀಕ್ಷೆ: ಎಸ್ ಎ ವಿ ಇ ಎ ಎಚ್ ಎ ಎ ಆರ್ ಟಿ ಎಂಬ ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾ, 'ಎ' ಬಂದಾಗಲೆಲ್ಲ ಕೈ ಒತ್ತಲು ಹೇಳಿ. 'ಎ'ಗೆ ಒತ್ತದಿದ್ದರೂ ತಪ್ಪು, ಬೇರೆ ಅಕ್ಷರಕ್ಕೆ ಒತ್ತಿದರೂ ತಪ್ಪು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ. ಇಂಗ್ಲಿಷ್ ಅಕ್ಷರ ಬಾರದವರಿಗೆ ಸಂಖ್ಯೆಗಳಲ್ಲಿ ಕೇಳಬಹುದು: 8, 1, 7, 5, 1, 4, 1, 1, 3, 6, ಇದರಲ್ಲಿ 'ಒಂದು' ಬಂದಾಗ ಕೈ ಒತ್ತಬೇಕು. 'ಎ' ಇದ್ದ ಸ್ಥಾನಗಳಲ್ಲೇ ಇಲ್ಲಿ 'ಒಂದು' ಇದೆ. ಯಾವುದನ್ನು ಬಳಸುತ್ತೀರೋ ಇಡೀ ಯೂನಿಟ್ ಅದನ್ನೇ ಬಳಸಲಿ.

ಹಠಾತ್ ಬದಲಾವಣೆ ಅಥವಾ ಏರಿಳಿತ, ಕೆಟ್ಟ ಗಮನ ಇವೆರಡೂ ಇದ್ದು, ಈ ಕ್ಷಣದ ರಾಸ್ 0 ಬಿಟ್ಟು ಬೇರೇನಾದರೂ ಆಗಿದ್ದರೆ ಡಿಲೀರಿಯಂ ಪಾಸಿಟಿವ್. ರಾಸ್ 0 ಇದ್ದರೆ ಮಾತ್ರ ಹೌದು-ಅಲ್ಲ ಎಂದು ತಲೆಯಾಡಿಸುವ ಪ್ರಶ್ನೆಗಳು: ಕಲ್ಲು ನೀರಲ್ಲಿ ತೇಲುತ್ತದಾ? ಸಮುದ್ರದಲ್ಲಿ ಮೀನು ಇರುತ್ತವಾ? ಒಂದು ಕೆಜಿ ಎರಡು ಕೆಜಿಗಿಂತ ಭಾರವಾ? ಸುತ್ತಿಗೆಯಲ್ಲಿ ಮೊಳೆ ಹೊಡೆಯಬಹುದಾ? ಕೊನೆಗೆ ಎರಡು ಬೆರಳು ತೋರಿಸಿ ಅಷ್ಟೇ ಬೆರಳು ತೋರಿಸಲು, ಆಮೇಲೆ ಇನ್ನೊಂದು ಕೈಯಲ್ಲೂ ಹಾಗೇ ಮಾಡಲು ಹೇಳಿ. ಒಂದಕ್ಕಿಂತ ಹೆಚ್ಚು ತಪ್ಪಾದರೆ ಪಾಸಿಟಿವ್.

ರೋಗಿಗೆ ಪ್ರಶ್ನೆ ಹಾಕದೆ, ಇಡೀ ಶಿಫ್ಟ್ ಗಮನಿಸಿ ಅಂಕ ಕೊಡುವ ನು-ಡೆಸ್ಕ್ ಎಂಬ ನರ್ಸಿಂಗ್ ಅಳತೆಯೂ ಇದೆ. ಐದು ಅಂಶ, ತಲಾ 0ರಿಂದ 2. ಒಟ್ಟು 2 ಅಥವಾ ಹೆಚ್ಚಾದರೆ ಪಾಸಿಟಿವ್. ಕೆಲಸದ ಒತ್ತಡದಲ್ಲಿ ಸುಲಭ ನಿಜ. ಆದರೆ ಮಂಕಾಗಿರುವ ರೋಗಿಯನ್ನು ಹಿಡಿಯುವ ವಿಷಯದಲ್ಲಿ, ಮಾತಾಡಿಸಿ ಕೊಟ್ಟ ಅಂಕಕ್ಕೇ ನನ್ನ ಮತ.

ಪಾಸಿಟಿವ್ ಬಂದ ಕೂಡಲೇ

ಡಾಕ್ಟರಿಗೆ ಫೋನ್ ಮಾಡುವ ಮೊದಲು ಐದು ನಿಮಿಷದಲ್ಲಿ ಇಷ್ಟು ನೋಡಿ: ಆಕ್ಸಿಜನ್ ಸ್ಯಾಚುರೇಷನ್, ಉಸಿರಿನ ವೇಗ, ಬಿಪಿ, ನಾಡಿ, ಜ್ವರ, ಜಿಆರ್‌ಬಿಎಸ್ (ರಕ್ತದ ಶುಗರ್), ನೋವಿನ ಅಂಕ. ಹೊಟ್ಟೆ ಮುಟ್ಟಿ ಮೂತ್ರಕೋಶ ನೋಡಿ. ಮಲ ಹೋಗಿ ಎಷ್ಟು ದಿನವಾಯಿತು ಕೇಳಿ. ಗಾಯ, ಡ್ರೈನ್, ಕ್ಯಾನುಲಾ ಹಾಕಿದ ಜಾಗ ನೋಡಿ. ಡ್ರಗ್ ಚಾರ್ಟಿನಲ್ಲಿ ಬುದ್ಧಿ ಮಂಕಾಗಿಸಬಲ್ಲ ಟ್ರಾಮಡಾಲ್, ಪ್ರೊಮೆಥಜಿನ್, ಫೆನಿರಮಿನ್, ಮಿಡಜೋಲಂ, ಲೊರಾಜೆಪಂ ಇತ್ತೀಚೆಗೆ ಹೋಗಿವೆಯೇ ನೋಡಿ. ಕೊನೆಯ ಸೋಡಿಯಂ, ಹಿಮೋಗ್ಲೋಬಿನ್ ಎಷ್ಟಿತ್ತು ನೋಡಿ. ಮುಖ ಸೊಟ್ಟಗಾಗಿದ್ದರೆ, ಒಂದು ಕಡೆ ಕೈಕಾಲು ಸೋತಿದ್ದರೆ, ಸ್ಯಾಚುರೇಷನ್ ಅಥವಾ ಶುಗರ್ ಬಿದ್ದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಇದ್ಯಾವುದಕ್ಕೂ ಕಾಯದೆ ತುರ್ತು ಕರೆ ಮಾಡಿ.

ಫೋನಿನಲ್ಲಿ "ಸರ್, ಪೇಷಂಟ್ ಇರ್ರಿಟಬಲ್ ಆಗಿದ್ದಾರೆ" ಎಂದರೆ ಆ ಕಡೆಯಿಂದ ನಿದ್ದೆ ಇಂಜೆಕ್ಷನ್ ಆರ್ಡರ್ ಬರುವ ಸಾಧ್ಯತೆಯೇ ಹೆಚ್ಚು. ಹೀಗೆ ಹೇಳಿ: "ಮೇಡಂ, ಹಿಪ್ ಸರ್ಜರಿ ಆಗಿ ಮೂರನೇ ದಿನ. ಅಡ್ಮಿಷನ್‌ನಲ್ಲಿ 4ಎಟಿ 1 ಇತ್ತು, ಈಗ 11. ರಾತ್ರಿಯಿಂದ ಬದಲಾವಣೆ ಅಂತ ಮಗಳು ಹೇಳ್ತಿದ್ದಾರೆ. ಮೂತ್ರ ಕಟ್ಟಿದಂತಿದೆ, ರಾತ್ರಿ ಫೆನಿರಮಿನ್ ಹೋಗಿದೆ. ಡಿಲೀರಿಯಂ ಇರಬಹುದು, ದಯವಿಟ್ಟು ಬಂದು ನೋಡಿ." ಅದೇ ಪದವನ್ನು ನೋಟ್ಸಿನಲ್ಲೂ ಬರೆಯಿರಿ, ಹ್ಯಾಂಡೋವರ್‌ನಲ್ಲೂ ಹೇಳಿ.

ಕೈ ಕಟ್ಟಿಹಾಕುವುದು ಭಯ ಹೆಚ್ಚಿಸುತ್ತದೆ, ಗಲಾಟೆಯನ್ನೂ ಹೆಚ್ಚಿಸುತ್ತದೆ. ಲೊರಾಜೆಪಂ ಜಾತಿಯ ನಿದ್ದೆ ಔಷಧ ಡಿಲೀರಿಯಂ ಅನ್ನು ಕೆಡಿಸಬಹುದು. ಕುಡಿತ ಬಿಟ್ಟದ್ದರಿಂದ ಬಂದದ್ದಕ್ಕೆ ಮಾತ್ರ ಅದೇ ಬೇಕಾಗುತ್ತದೆ. ಚಡಪಡಿಕೆ ತಗ್ಗಿಸಲು ಹ್ಯಾಲೋಪೆರಿಡಾಲ್ ಬರೆದುಕೊಟ್ಟರೆ ರೋಗಿಗೆ ಪಾರ್ಕಿನ್ಸನ್ಸ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಮಂಚದ ಪಕ್ಕದ ಸಣ್ಣ ಕೆಲಸಗಳ ಫಲ ದೊಡ್ಡದು. ಬೋಸ್ಟನ್‌ನಲ್ಲಿ ಹಿಪ್ ಫ್ರ್ಯಾಕ್ಚರ್ ಆದ 126 ವೃದ್ಧರ ಮೇಲೆ ನಡೆಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವೃದ್ಧರೋಗ ತಜ್ಞರು ದಿನವೂ ನೋಡಿ ನೋವು, ಆಕ್ಸಿಜನ್, ನೀರಿನಂಶ, ಮಲಮೂತ್ರ, ಓಡಾಟದ ಮೇಲೆ ನಿಗಾ ಇಟ್ಟ ಗುಂಪಿನಲ್ಲಿ ಡಿಲೀರಿಯಂ ಶೇ 32 ಮಂದಿಗೆ ಬಂತು. ಎಂದಿನ ಆರೈಕೆಯಲ್ಲಿದ್ದವರಲ್ಲಿ ಶೇ 50. ಅದರಲ್ಲಿ ಬಹುಪಾಲು ನರ್ಸಿನ ಕೈಯಲ್ಲಿರುವ ಕೆಲಸವೇ: ಹಗಲು ಕಿಟಕಿ ತೆರೆದು ಎದ್ದು ಕೂರಿಸುವುದು, ರಾತ್ರಿ ತಲೆಯ ಮೇಲಿನ ಲೈಟ್ ಆರಿಸಿ, ತುರ್ತಿಲ್ಲದಿದ್ದರೆ ನಡುರಾತ್ರಿ ಎರಡರ ನಿದ್ದೆಯಲ್ಲಿ ಬಿಪಿ ಪಟ್ಟಿ ಸುತ್ತದಿರುವುದು, ಬೇಡದ ಕ್ಯಾತಿಟರ್ ಬೇಗ ತೆಗೆದು ಆಮೇಲೆ ಮೂತ್ರ ಆಯಿತೇ ಎಂದು ದಾಖಲಿಸುವುದು, ನೀರು ಕುಡಿಸುವುದು.

ಮನೆಯವರು ಹೆದರಿರುತ್ತಾರೆ. 'ಗಾಳಿ ಸೋಕಿದೆ' ಎಂದು ತಾಯತಕ್ಕೆ ಓಡುವವರೂ, 'ಆಪರೇಷನ್ ಮಾಡಿ ಹುಚ್ಚು ಹಿಡಿಸಿದಿರಿ' ಎಂದು ಸಿಟ್ಟಾಗುವವರೂ ಇದ್ದಾರೆ. "ಇದು ಹುಚ್ಚಲ್ಲ. ದೇಹದ ತೊಂದರೆಗೆ ಮೆದುಳು ಸುಸ್ತಾಗಿದೆ, ಕಾರಣ ಹುಡುಕ್ತಾ ಇದ್ದೀವಿ, ಹೆಚ್ಚಿನವರು ಸುಧಾರಿಸ್ತಾರೆ" ಎಂದು ಕೂತು ಹೇಳಿ. ಅವರಿಗೊಂದು ಕೆಲಸವನ್ನೂ ಕೊಡಿ: ಹೆಸರು ಹಿಡಿದು ಮಾತಾಡಿಸಲಿ, ದಿನ-ಜಾಗ ಆಗಾಗ ನೆನಪಿಸಲಿ, ಭ್ರಮೆಯ ಮಾತಿಗೆ ವಾದ ಮಾಡದಿರಲಿ, ಸಂಬಂಧಿಕರ ದಂಡು ಒಟ್ಟಿಗೆ ಬಾರದಿರಲಿ.

ಅಂಕ 4ಕ್ಕಿಂತ ಕೆಳಗಿಳಿದ ಮೇಲೂ ಒಂದೆರಡು ದಿನ ಪ್ರತಿ ಶಿಫ್ಟ್ ಪರೀಕ್ಷೆ ಮುಂದುವರಿಸಿ. ಕೆಲವರಲ್ಲಿ ಮಂಕು ವಾರಗಟ್ಟಲೆ ಉಳಿಯುತ್ತದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಷ್ಟನೇ ದಿನ ಡಿಲೀರಿಯಂ ಬಂತು, ಕಾರಣ ಏನು ಸಿಕ್ಕಿತು, ಯಾವ ಔಷಧ ನಿಲ್ಲಿಸಿದರು ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಡಾಕ್ಟರಿಗೆ ಹೇಳಿ ಸೇರಿಸಿ. ಮುಂದೆ ಕಣ್ಣಿನ ಪೊರೆಗೋ ಇನ್ನಾವುದಕ್ಕೋ ಆಪರೇಷನ್ ಆಗುವಾಗ ಆ ಕಾಗದವನ್ನು ಅನಸ್ತೇಶಿಯಾ ಡಾಕ್ಟರಿಗೆ ತೋರಿಸಬೇಕೆಂದು ಮನೆಯವರಿಗೆ ಕನ್ನಡದಲ್ಲೇ ಬರೆದುಕೊಡಿ.